1970ರಿಂದ 74: ಹೊಸ ಅಲೆಗೂ ಗಾಂಧಿನಗರಕ್ಕೂ ತವರು ಒಂದೇ ಅಲ್ಲವೇ?

ಹಳೇಪುಸ್ತಕ

ಎಪ್ಪತ್ತರ ದಶಕದ ಮೊದಲ ವರ್ಷಗಳ ಬಗ್ಗೆ ಯಾರೇ ಬರೆಯಲಿ, ಮೊದಲು ಎರಡು ಪಟ್ಟಿ ಮಾಡಿಕೊಳ್ಳುತ್ತಾರೆ. ಒಂದು ಹೊಸ ಅಲೆಯದು, ಅದರಲ್ಲಿ ‘ಸಂಸ್ಕಾರ’, ‘ವಂಶವೃಕ್ಷ’, ‘ಹಯವದನ’ ನಾಟಕ, ‘ಕಾಡು’. ಇನ್ನೊಂದು ಗಾಂಧಿನಗರದ್ದು, ಅಂದರೆ ಜನಪ್ರಿಯ ಚಿತ್ರೋದ್ಯಮದ್ದು, ಅದರಲ್ಲಿ ‘ಬಂಗಾರದ ಮನುಷ್ಯ’, ‘ನಾಗರಹಾವು’, ‘ಗಂಧದ ಗುಡಿ’. ಒಂದಕ್ಕೆ ಪ್ರಶಸ್ತಿ, ಇನ್ನೊಂದಕ್ಕೆ ಗಲ್ಲಾಪೆಟ್ಟಿಗೆ. ಎರಡೂ ಒಂದೇ ಊರಲ್ಲಿ, ಒಂದೇ ಕಾಲದಲ್ಲಿ ನಡೆದರೂ ಪರಸ್ಪರ ಮುಖ ನೋಡಲೇ ಇಲ್ಲ ಅನ್ನೋ ಹಾಗೆ.

ನನ್ನ ವಾದ ಇಷ್ಟೇ: ಇವೆರಡರ ನಡುವೆ ಸಂಬಂಧ ಇತ್ತು, ಅದೂ ದಾಯಾದಿಗಳ ಸಂಬಂಧ. 1972 ಒಂದನ್ನೇ ತಗೊಳ್ಳಿ. ಮಾರ್ಚ್ 31ಕ್ಕೆ ‘ಬಂಗಾರದ ಮನುಷ್ಯ’ ಬಿಡುಗಡೆ. ಅದೇ ವರ್ಷ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಮೂರನ್ನೂ ಆಡಿಸಿದರು. ಅಕ್ಟೋಬರ್ 18ಕ್ಕೆ ಗುಬ್ಬಿ ನಾಟಕ ಕಂಪನಿಯ ಗುಬ್ಬಿ ವೀರಣ್ಣ ತೀರಿಕೊಂಡರು. ಡಿಸೆಂಬರ್ 29ಕ್ಕೆ ‘ನಾಗರಹಾವು’ ಬಂತು.

ಇದರಲ್ಲಿ ವೀರಣ್ಣನವರ ಹೆಸರು ಹಳೇ ಕಾಲದ್ದು, ಸುಮ್ಮನೆ ತಾರೀಖು ಕೂಡಿಬಂತು ಅನ್ನಿಸಬಹುದು. ಆದರೆ ರಾಜ್‌ಕುಮಾರ್ ಹುಡುಗನಾಗಿದ್ದಾಗಲೇ ತಂದೆ ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ಕಂಪನಿಯಲ್ಲಿದ್ದವರು. ಬಂಟ್ವಾಳದ ಕಡೆಯ ಮಂಚಿಯಿಂದ ಬಂದ ಕಾರಂತರು ಮನೆ ಬಿಟ್ಟು ಓಡಿಹೋಗಿ ಸೇರಿದ್ದೂ ಅದೇ ಕಂಪನಿ. ಅವರನ್ನು ಕಾಶಿಗೆ ಓದಲು ಕಳಿಸಿದವರು ವೀರಣ್ಣನವರೇ. ‘ವಂಶವೃಕ್ಷ’ದ ನಿರ್ಮಾಪಕ ಜಿ.ವಿ. ಅಯ್ಯರ್ ಬಾಲ್ಯದಲ್ಲೇ ಸೇರಿದ್ದು ಅಲ್ಲಿಗೇ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ (1954) ಗುಬ್ಬಿ ಕಂಪನಿಯ ಹೆಸರಿನಲ್ಲೇ ತಯಾರಾಯಿತು, ಅಯ್ಯರ್ ಕೂಡ ಅದರಲ್ಲಿ ನಟಿಸಿದರು. ಜನಪ್ರಿಯ ಚಿತ್ರದ ದೊಡ್ಡ ನಟ, ಹೊಸ ರಂಗಭೂಮಿಯ ದೊಡ್ಡ ನಿರ್ದೇಶಕ, ಹೊಸ ಅಲೆಗೆ ಹಣ ಹಾಕಿದವರು, ಮೂವರೂ ಒಂದೇ ಬಿಡಾರದಲ್ಲಿ ಉಂಡವರು. ಎರಡು ಪಟ್ಟಿ ಮಾಡಿದ್ದು ಆಮೇಲೆ ಬಂದ ವಿಮರ್ಶಕರು.

ಬೇರೆ ಉದಾಹರಣೆ ಇದ್ದರೆ ಸೇರಿಸಿ. ಒಪ್ಪದಿದ್ದರೆ ಅದನ್ನೂ ಹೇಳಿ.

ಗಾಂಧಿಕ್ಲಾಸ್

ಉದಾಹರಣೆ ತಾನೇ? ಎಲ್ಲಕ್ಕಿಂತ ದೊಡ್ಡದನ್ನೇ ಬಿಟ್ಟಿದ್ದೀರಲ್ಲ ಗುರುಗಳೇ! ‘ನಾಗರಹಾವು’ ರಾಮಾಚಾರಿಯಾಗೋ ಮೊದಲು ವಿಷ್ಣುವರ್ಧನ್ ಕ್ಯಾಮೆರಾ ಮುಂದೆ ನಿಂತಿದ್ದು ‘ವಂಶವೃಕ್ಷ’ದಲ್ಲಿ. ಆಗ ಅವರಿನ್ನೂ ಸಂಪತ್ ಕುಮಾರ್. ಭೈರಪ್ಪ ಕಾದಂಬರಿ, ಕಾರ್ನಾಡ್-ಕಾರಂತ್ ನಿರ್ದೇಶನ, ಅದರೊಳಗೆ ನಮ್ಮ ಸಾಹಸಸಿಂಹ. ಮುಂದೆ ಒಂದೇ ವರ್ಷಕ್ಕೆ ಡೈರೆಕ್ಟರ್ ಪುಟ್ಟಣ್ಣನ ಕೈಗೆ ಸಿಕ್ಕಿ ಚಿತ್ರದುರ್ಗದ ಬಂಡೆ ಹತ್ತಿದ್ರು. ಹೊಸ ಅಲೆಯವರು ತಯಾರು ಮಾಡಿಕೊಟ್ಟ ಹುಡುಗನ್ನ ಗಾಂಧಿನಗರ ಎತ್ಕೊಂಡು ಹೋಯ್ತು ಅಂತಾನೂ ಹೇಳಬಹುದು, ಜಗಳ ಬೇಕಿದ್ರೆ.

ಇನ್ನೊಬ್ರು ಲೋಕೇಶ್. ‘ಕಾಡು’ ಚಿತ್ರದಲ್ಲೂ ಇದ್ದಾರೆ, ಮರುವರ್ಷ ‘ಭೂತಯ್ಯನ ಮಗ ಅಯ್ಯು’ನಲ್ಲಿ ಅಯ್ಯುನೇ ಅವರು. ಅಪ್ಪ ಯಾರು? ಸುಬ್ಬಯ್ಯ ನಾಯ್ಡು. ‘ಸತಿ ಸುಲೋಚನ’ದ ನಾಯಕ, ಕಂಪನಿ ನಾಟಕದ ಹುಲಿ.

ಎರಡನೇಆಟ

ಹಳೇಪುಸ್ತಕ ಅವರೇ, ವಂಶಾವಳಿ ಚೆನ್ನಾಗಿದೆ. ಆದರೆ ಒಂದೇ ಮನೆಯಲ್ಲಿ ಬೆಳೆದವರು ಒಂದೇ ಥರ ಯೋಚನೆ ಮಾಡಬೇಕು ಅಂತೇನಿಲ್ಲವಲ್ಲ. ನೀವು ಜಾಣತನದಿಂದ ‘ವಂಶವೃಕ್ಷ’ದಿಂದ ಶುರು ಮಾಡಿದಿರಿ. ಹೊಸ ಅಲೆ ಶುರುವಾಗಿದ್ದು ‘ಸಂಸ್ಕಾರ’ದಿಂದ, ಅದರಲ್ಲಿ ನಿಮ್ಮ ಗುಬ್ಬಿ ಕಂಪನಿ ಎಲ್ಲಿದೆ?

ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಪ್ರಾಣೇಶಾಚಾರ್ಯನಾದ ಗಿರೀಶ ಕಾರ್ನಾಡರಿಗೆ ಮದ್ರಾಸ್ ಪ್ಲೇಯರ್ಸ್ ಎಂಬ ಇಂಗ್ಲಿಷ್ ನಾಟಕ ತಂಡದ ನಂಟು. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವನು. ಕಲಾ ನಿರ್ದೇಶನ ಚಿತ್ರಕಾರ ಎಸ್.ಜಿ. ವಾಸುದೇವ್. ಸಂಗೀತ ಸರೋದ್ ವಾದಕ ರಾಜೀವ್ ತಾರಾನಾಥ್. ನಾರಣಪ್ಪನ ಪಾತ್ರಕ್ಕೆ ಪಿ. ಲಂಕೇಶ್, ಚಂದ್ರಿಗೆ ಸ್ನೇಹಲತಾ ರೆಡ್ಡಿ. ಸ್ಟುಡಿಯೋ ಸೆಟ್ಟಿಲ್ಲ, ಶೃಂಗೇರಿ ಕಡೆಯ ಒಂದು ಅಗ್ರಹಾರದಲ್ಲಿ ಹೋಗಿ ತೆಗೆದರು. ಕಂಪನಿ ನಾಟಕದ ಪರದೆ, ಕಂದಪದ್ಯ, ಎತ್ತರಿಸಿದ ದನಿ, ಯಾವುದೂ ಅಲ್ಲಿಲ್ಲ. ಆ ಚಿತ್ರದ ಮೌನವೇ ಕಂಪನಿ ಶೈಲಿಗೆ ಕೊಟ್ಟ ಉತ್ತರ. ಮದ್ರಾಸಿನ ಸೆನ್ಸಾರ್ ಮಂಡಳಿ ತಡೆದದ್ದು, ಮೇಲಿನ ಹಂತದಲ್ಲಿ ಬಿಡುಗಡೆಯಾಗಿ 1970ರ ಅತ್ಯುತ್ತಮ ಚಿತ್ರದ ಸ್ವರ್ಣ ಕಮಲ ಬಂದದ್ದು ಎಲ್ಲರಿಗೂ ಗೊತ್ತಿರೋದೇ. ಕನ್ನಡಕ್ಕೆ ಅದು ಮೊದಲ ಸ್ವರ್ಣ ಕಮಲ.

ಇನ್ನೊಂದು ಕಾರಣ ಯಾರೂ ಹೇಳೋದಿಲ್ಲ, ಅದು ದುಡ್ಡು. ಕನ್ನಡ ಚಿತ್ರಗಳು ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲ. ರಾಜ್ಯದೊಳಗೇ ಚಿತ್ರೀಕರಿಸಿದರೆ ಸರ್ಕಾರ ಸಹಾಯಧನ ಕೊಡಲು ಶುರು ಮಾಡಿತು. ಹೊರಾಂಗಣ, ಕಪ್ಪುಬಿಳುಪು, ಹೊಸ ಮುಖ, ಪುಟ್ಟ ತಂಡ ಇದ್ದರೆ ಚಿತ್ರ ಮುಗಿಯುತ್ತೆ ಅನ್ನೋ ಧೈರ್ಯ ಬಂದದ್ದು ಅಲ್ಲಿಂದ. ‘ಕಾಡು’ ಚಿತ್ರದ ಛಾಯಾಗ್ರಾಹಕ ಗೋವಿಂದ ನಿಹಲಾನಿ ಕೂಡ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಸಹಾಯಧನ, ಪಾಲಿಟೆಕ್ನಿಕ್, ಫಿಲ್ಮ್ ಸೊಸೈಟಿ. ಹೊಸ ಅಲೆಯ ತವರು ಇವು.

ಹಳೇಪುಸ್ತಕ

‘ಸಂಸ್ಕಾರ’ ನನ್ನ ವಾದದ ಹೊರಗೇ ನಿಲ್ಲುತ್ತೆ, ಅದನ್ನು ಎಳೆದು ತರೋದಿಲ್ಲ. ಆದರೆ ಆ ದಾರಿಯಲ್ಲೇ ಎಷ್ಟು ಜನ ಮುಂದೆ ಹೋದರು? ಮರುವರ್ಷವೇ ಕಾರ್ನಾಡ್ ಕಾರಂತರ ಜೊತೆ ಸೇರಿದರು, ಅಯ್ಯರ್ ಹಣ ಹಾಕಿದರು, ಇಬ್ಬರಿಗೂ ಸೇರಿ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. 1975ರ ಸ್ವರ್ಣ ಕಮಲ ಕಾರಂತರ ‘ಚೋಮನ ದುಡಿ’ಗೆ. ಮದ್ರಾಸಿನ ಇಂಗ್ಲಿಷ್ ನಾಟಕದವರು ಬಾಗಿಲು ತೆಗೆದರು, ಒಳಗೆ ಬಂದವರು ಕಂಪನಿಯವರು.

‘ಹಯವದನ’ದಲ್ಲಿ (1971) ಕಾರ್ನಾಡರು ಭಾಗವತ, ಅರ್ಧ ತೆರೆ, ಮುಖವಾಡ ಎಲ್ಲ ತಂದರು. ‘ತುಘಲಕ್’ ಬರೆದ ಮನುಷ್ಯ ಆರೇಳು ವರ್ಷದಲ್ಲಿ ಯಕ್ಷಗಾನದ ಕಡೆ ತಿರುಗಿದ್ದು ಸಣ್ಣ ಸಂಗತಿಯಲ್ಲ.

ಕೊಡಿಯಾಲ

ಯಕ್ಷಗಾನದ ಹೆಸರು ಬಂತಲ್ಲ, ಇನ್ನು ಸುಮ್ಮನೆ ಕೂರುವುದು ಹೇಗೆ ಮಾರಾಯ್ರೆ? ಗುಬ್ಬಿ ಕಂಪನಿ, ಗುಬ್ಬಿ ಕಂಪನಿ ಅಂತ ಹೇಳ್ತಾ ಇದ್ದೀರಿ. ಕಾರಂತರು ಆ ಕಂಪನಿಗೆ ಹೋಗುವ ಮೊದಲು ಕಿವಿ ಎಲ್ಲಿ ಹದ ಆಯ್ತು ಅಂತ ಯಾರೂ ಕೇಳುವುದಿಲ್ಲ. ಬಂಟ್ವಾಳ ತಾಲೂಕಲ್ಲಿ ಹುಟ್ಟಿದವನಿಗೆ ಚೆಂಡೆ, ಭೂತದ ಪಾಡ್ದನ, ತಾಳಮದ್ದಳೆ ಯಾರೂ ಕಲಿಸಬೇಕಾಗಿಲ್ಲ. ಅವರ ರಂಗಸಂಗೀತದಲ್ಲಿ ಬರುವ ಆ ಸದ್ದುಗಳು, ಹಾಡು ಅಲ್ಲ ಆಯ್ತಾ, ಸದ್ದುಗಳು, ಹಾರ್ಮೋನಿಯಂ ಪೆಟ್ಟಿಗೆಯಿಂದ ಹುಟ್ಟಿದ್ದಲ್ಲ.

ಇನ್ನೊಂದು ವಿಷಯ ನಿಮ್ಮ ಎರಡೂ ಪಟ್ಟಿಯಲ್ಲಿ ಇಲ್ಲ. 1971ರಲ್ಲಿ ಮೊದಲ ತುಳು ಚಿತ್ರ ‘ಎನ್ನ ತಂಗಡಿ’ ಬಂತು. 1972ರಲ್ಲಿ ಕೊಡವ ತಕ್ಕಿನಲ್ಲಿ ‘ನಾಡ ಮಣ್ಣ್ ನಾಡ ಕೂಳ್’. ಆ ಎರಡು ವರ್ಷದಲ್ಲಿ ಈ ರಾಜ್ಯದ ಎರಡು ಭಾಷೆ ಮೊದಲ ಸಲ ಬೆಳ್ಳಿತೆರೆ ಮೇಲೆ ಮಾತಾಡಿದ್ದು ದೊಡ್ಡದಾ ಅಲ್ವಾ? ಬೆಂಗಳೂರಿನವರು ಬರೆಯುವ ಚರಿತ್ರೆಯಲ್ಲಿ ಇದಕ್ಕೆ ಒಂದು ಸಾಲು ಕೂಡ ಸಿಗುವುದಿಲ್ಲ.

ಮಾಳಮಡ್ಡಿ

ಕೊಡಿಯಾಲದವರು ಛಲೋ ಮಾತು ಹೇಳಿದ್ರು. ಅದನ್ನ ನಾ ನಮ್ಮ ಕಡಿಂದ ಕೇಳತೇನಿ. ನಿಮ್ಮ ಪಟ್ಟಿಯೊಳಗ ತುಂಗಭದ್ರಾ ದಾಟಿದ್ದು ಏನರೆ ಅದ ಏನ್ರೀ?

1973ರ ಜ್ಞಾನಪೀಠ ಬೇಂದ್ರೆ ಅಜ್ಜಾರಿಗೆ ಬಂತು, ‘ನಾಕು ತಂತಿ’ಗೆ. ಒಡಿಯಾದ ಗೋಪೀನಾಥ ಮಹಾಂತಿ ಅವರ ಜೋಡಿ ಹಂಚಿಕೊಂಡ್ರು. ಮಲ್ಲಿಕಾರ್ಜುನ ಮನಸೂರರಿಗೆ 1970ರಾಗ ಪದ್ಮಶ್ರೀ, ಮರುವರ್ಷ ಸಂಗೀತ ನಾಟಕ ಅಕಾಡೆಮಿ. ಗಂಗೂಬಾಯಿ ಹಾನಗಲ್ಲರಿಗೆ 1971ರಾಗ ಪದ್ಮಭೂಷಣ, 73ರಾಗ ಅಕಾಡೆಮಿ. ಭೀಮಸೇನ ಜೋಶಿಯವರಿಗೆ 72ರಾಗ ಪದ್ಮಶ್ರೀ. ನಾಲ್ಕೇ ವರ್ಷದಾಗ ಧಾರವಾಡ ಸೀಮೆಗೆ ಇಷ್ಟು ಬಂದಾವ. 1971ರ ಸಾಹಿತ್ಯ ಅಕಾಡೆಮಿ ಶ್ರೀರಂಗರ ‘ಕಾಳಿದಾಸ’ಕ್ಕ, ಅದರ ಹಿಂದಿನ ವರ್ಷ ಶಂ.ಬಾ. ಜೋಶಿಯವರಿಗೆ. ನೀವು ಎಪ್ಪತ್ತರ ದಶಕ ಅಂದ್ರ ಬರೇ ಸಿನಿಮಾ ಅಂತ ತಿಳ್ಕೊಂಡೀರಿ.

ಸಿನಿಮಾನ ಬೇಕಂದ್ರ ಅದೂ ಅದ. 1974ರ ‘ಸಂಪತ್ತಿಗೆ ಸವಾಲ್’ ಎಲ್ಲಿಂದ ಬಂತು? ಪಿ.ಬಿ. ಧುತ್ತರಗಿಯವರ ನಾಟಕ. ನಮ್ಮ ಕಡೆ ಕಂಪನಿಗಳು ಹಳ್ಳಿ ಹಳ್ಳಿ ಜಾತ್ರಿಯೊಳಗ ಆಡಿ ಆಡಿ ಸವೆಸಿದ್ದು. ಅದನ್ನ ತಗೊಂಡು ಹೋಗಿ ಮೈಸೂರು ಕಡಿ ಮಾತಿನಾಗ ಸಿನಿಮಾ ಮಾಡಿದ್ರಿ, ಮ್ಯಾಲ ಎಮ್ಮಿ ಹತ್ತಿಸಿ ಹಾಡಿಸಿದ್ರಿ. ‘ಜೋಕುಮಾರಸ್ವಾಮಿ’ ಬರದ ಕಂಬಾರರು ಬೆಳಗಾವಿ ಜಿಲ್ಲಾ ಘೋಡಗೇರಿಯವರು. ಅವರ ಸಣ್ಣಾಟ, ಬಯಲಾಟದ ಮಾತು ಇರಲಿಲ್ಲಂದ್ರ ನಿಮ್ಮ ಕಲಾಕ್ಷೇತ್ರದ ಹಿಂದಿನ ಬಯಲು ಬರೇ ಬಯಲs ಇರತಿತ್ತು. ‘ಸಂಸ್ಕಾರ’ಕ್ಕ ಸಂಗೀತ ಕೊಟ್ಟ ರಾಜೀವ ತಾರಾನಾಥರು ಸುದ್ದಾ ರಾಯಚೂರು ಸೀಮಿಯೊಳಗ ಬೆಳದವರು.

ಗಾಂಧಿಕ್ಲಾಸ್

ಎಮ್ಮೆ ಹಾಡಿನ ಸುದ್ದಿಗೆ ಬರಬೇಡ್ರೀ ಮಾಳಮಡ್ಡಿ ಸರ್! ಆ ಹಾಡಿಗೆ ಕನ್ನಡನಾಡು ಋಣಿ. ಅಲ್ಲೀವರೆಗೂ ಅಣ್ಣಾವ್ರಿಗೆ ಪಿ.ಬಿ. ಶ್ರೀನಿವಾಸ್ ಅವರೇ ಕಂಠ. ‘ಬಂಗಾರದ ಮನುಷ್ಯ’, ‘ಕಸ್ತೂರಿ ನಿವಾಸ’, ‘ಗಂಧದ ಗುಡಿ’ ಎಲ್ಲ ಅವರದ್ದೇ. ‘ಸಂಪತ್ತಿಗೆ ಸವಾಲ್’ನಲ್ಲಿ ಜಿ.ಕೆ. ವೆಂಕಟೇಶ್ ಅಣ್ಣಾವ್ರ ಕೈಲೇ ಹಾಡಿಸಿದ್ರು, ಅಲ್ಲಿಂದ ಮುಂದೆ ಅವರ ಪಾತ್ರಕ್ಕೆ ಅವರೇ ಹಾಡೋದು ಶುರುವಾಯ್ತು. ಕಂಪನಿ ನಾಟಕದಲ್ಲಿ ಹಾಡೋಕೆ ಬರದವನಿಗೆ ಪಾತ್ರಾನೇ ಇರ್ತಿರ್ಲಿಲ್ಲ. ಇಪ್ಪತ್ತು ವರ್ಷ ಬೇರೆಯವರ ದನಿಗೆ ತುಟಿ ಆಡಿಸಿದ ಮೇಲೆ ಆ ಗಂಟಲು ವಾಪಸ್ ಸಿಕ್ತು, ಅದೂ ಉತ್ತರ ಕರ್ನಾಟಕದ ನಾಟಕದಿಂದ. ಹಳೇಪುಸ್ತಕ ಅವರ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಾಗೇ ಇನ್ನೊಂದು ಸೇರಿಸಿಬಿಡ್ತೀನಿ. ಸಾಂಸ್ಕೃತಿಕ ಅಂದ್ರೆ ಕ್ರಿಕೆಟ್ ಬರಲ್ವಾ? 1971ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್. 1973-74ರಲ್ಲಿ ಬಾಂಬೆಯನ್ನ ಸೆಮಿಫೈನಲ್‌ನಲ್ಲೇ ಮನೆಗೆ ಕಳಿಸಿ ನಮ್ಮವರು ಮೊದಲ ಸಲ ರಣಜಿ ಗೆದ್ರು. ಪ್ರಸನ್ನ, ಚಂದ್ರ, ವಿಶ್ವನಾಥ್. ಆ ವರ್ಷಗಳ ಗಣ್ಯರ ಪಟ್ಟಿಯಲ್ಲಿ ಅವರಿಲ್ಲ ಅಂದ್ರೆ ನಾನು ಒಪ್ಪಲ್ಲ.

ನಿರ್ವಾಹಕ

ಕ್ರಿಕೆಟ್‌ಗೆ ಬೇರೆ ವಿಭಾಗ ಇದೆ. ಚಂದ್ರ ಅವರ ಮೇಲಿನ ಗೌರವಕ್ಕೆ ಈ ಒಂದು ಪ್ಯಾರಾ ಅಳಿಸುತ್ತಿಲ್ಲ. ಮುಂದುವರಿಸಿ.

ಓದುಗಿ

ಇಲ್ಲಿಯವರೆಗೆ ಬಂದ ಹೆಸರುಗಳಲ್ಲಿ ಗಂಗೂಬಾಯಿ, ಸ್ನೇಹಲತಾ ಇಬ್ಬರನ್ನು ಬಿಟ್ಟರೆ ಹೆಂಗಸರೇ ಇಲ್ಲ. ಎರಡು ಪಟ್ಟಿ ಒಂದೇ ಮನೆಯದೋ ಬೇರೆ ಮನೆಯದೋ ಎಂದು ಗಂಡಸರು ಚರ್ಚೆ ಮಾಡುತ್ತಿದ್ದೀರಿ. ಆ ಮನೆಗೆ ಕಥೆ ತಂದುಕೊಟ್ಟವರು ಯಾರು ಅಂತ ಯಾರೂ ಕೇಳಲಿಲ್ಲ.

‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರ ಕಾದಂಬರಿ. ‘ಶರಪಂಜರ’ (1971) ತ್ರಿವೇಣಿಯವರದು. ‘ಎರಡು ಕನಸು’ (1974) ವಾಣಿಯವರದು. ಪುಟ್ಟಣ್ಣ ಕಣಗಾಲ್ ದೊಡ್ಡ ನಿರ್ದೇಶಕರು, ಸರಿ. ಆದರೆ ‘ಬೆಳ್ಳಿಮೋಡ’ದಿಂದ ಹಿಡಿದು ಅವರ ಹೆಸರು ನಿಲ್ಲಿಸಿದ್ದು ಲೇಖಕಿಯರ ಕಾದಂಬರಿಗಳು. ತ್ರಿವೇಣಿ 1963ರಲ್ಲೇ ತೀರಿಕೊಂಡವರು, ‘ಶರಪಂಜರ’ ತೆರೆಗೆ ಬಂದದ್ದನ್ನು ನೋಡಲಿಲ್ಲ. ಹೆರಿಗೆಯ ನಂತರ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಅದೇ ಮನೆ, ಅದೇ ನೆರೆಹೊರೆ ಮತ್ತೆ ಹುಚ್ಚಿಯಾಗಿಸುವ ಕಥೆ. ಕಾಯಿಲೆ ಅವಳದಲ್ಲ, ಸುತ್ತಲಿನವರದು ಎಂದು ಅಷ್ಟು ನೇರವಾಗಿ ಹೇಳಿದ ಚಿತ್ರ ಆಗ ‘ಹೊಸ ಅಲೆ’ಯ ಪಟ್ಟಿಯಲ್ಲಿ ಯಾವುದಿದೆ? ಕಲ್ಪನಾ ಅವರ ನಟನೆ ಅತಿ ಅನ್ನುವವರಿದ್ದಾರೆ. ನನಗೂ ಕೆಲವು ಕಡೆ ಹಾಗೆ ಅನಿಸುತ್ತೆ. ಆದರೂ ಅದನ್ನು ನೋಡಲು ಮನೆಯ ಹೆಂಗಸರೆಲ್ಲ ಒಟ್ಟಿಗೆ ಹೊರಟರು, ಆ ಸೀರೆಗಳ ಬಗ್ಗೆ ಮಾತಾಡುತ್ತಲೇ ಕಾವೇರಿಯ ಬಗ್ಗೆಯೂ ಮಾತಾಡಿದರು. ಅಗ್ರಹಾರದ ಪ್ರಾಣೇಶಾಚಾರ್ಯರ ದ್ವಂದ್ವಕ್ಕೆ ವಿಮರ್ಶಕರು ಖರ್ಚು ಮಾಡಿದ ಶಾಯಿಯಲ್ಲಿ ಕಾಲು ಭಾಗವೂ ಕಾವೇರಿಗೆ ಸಿಗಲಿಲ್ಲ.

ಹಾಗಾಗಿ ನಿಮ್ಮ ತವರಿನ ಹುಡುಕಾಟದಲ್ಲಿ ಗುಬ್ಬಿ ಕಂಪನಿ, ಪಾಲಿಟೆಕ್ನಿಕ್‌ಗಳ ಜೊತೆ ‘ಸುಧಾ’, ‘ಮಯೂರ’, ‘ಕಸ್ತೂರಿ’, ‘ಪ್ರಜಾಮತ’, ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯನ್ನೂ ಸೇರಿಸಿ. ಬೆಂಗಳೂರಿಗೆ ದೂರದರ್ಶನ ಬರಲು ಇನ್ನೂ ಹತ್ತು ವರ್ಷ ಇತ್ತು. ವಾರಪತ್ರಿಕೆಯ ಧಾರಾವಾಹಿ, ಲೈಬ್ರರಿಯ ಕಾದಂಬರಿ, ಆಮೇಲೆ ಸಿನಿಮಾ. ಪ್ರೇಕ್ಷಕರು ಚಿತ್ರಮಂದಿರಕ್ಕೆ ಬರುವ ಮೊದಲೇ ಕಥೆ ಓದಿರುತ್ತಿದ್ದರು, ಯಾವುದನ್ನು ಬದಲಿಸಿದ್ದಾರೆ ಅಂತ ಜಗಳಕ್ಕೆ ತಯಾರಾಗಿಯೇ ಬರುತ್ತಿದ್ದರು. ‘ನಾಗರಹಾವು’ ನೋಡಿದ ಅದರ ಕಾದಂಬರಿಕಾರ ತ.ರಾ.ಸು. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರು ಅಂದರಂತೆ, ಆ ಮಾತು ಇವತ್ತಿಗೂ ಓಡಾಡುತ್ತಿದೆ.

‘ಕಾಡು’ ಚಿತ್ರದ ಬಗ್ಗೆ ಮಾತಾಡುವಾಗಲೂ ನಿಹಲಾನಿ, ಅಮರೀಶ್ ಪುರಿ ಅಂತೀರಿ. ಅತ್ಯುತ್ತಮ ನಟಿಯ ರಾಷ್ಟ್ರಪ್ರಶಸ್ತಿ ಕನ್ನಡಕ್ಕೆ ಮೊದಲ ಸಲ ತಂದದ್ದು ಅದೇ ಚಿತ್ರದ ನಂದಿನಿ ಭಕ್ತವತ್ಸಲ.

ಎರಡನೇಆಟ

ಓದುಗಿ ಮೇಡಂ, ಧಾರಾವಾಹಿಯ ಮಾತು ಪೂರ್ತಿ ಒಪ್ಪಿದೆ. ಅದರ ಜೊತೆಗೇ ಒಂದು ತಕರಾರು. ‘ಎಡಕಲ್ಲು ಗುಡ್ಡದ ಮೇಲೆ’ (1973) ನೋಡಿ. ಭಾರತೀಸುತರ ಕಾದಂಬರಿ. ಯುದ್ಧದಲ್ಲಿ ಗಾಯಗೊಂಡ ಗಂಡ, ಹೆಂಡತಿ ಮಾಧವಿಯ ದೇಹದ ಆಸೆ. ಅಷ್ಟು ದೂರ ಹೋಗುವ ಧೈರ್ಯ ಮಾಡಿದ ಪುಟ್ಟಣ್ಣ ಕೊನೆಗೆ ಅವಳನ್ನು ಗುಡ್ಡದಿಂದ ಹಾರಿಸಿಬಿಡುತ್ತಾರೆ. ‘ನಾಗರಹಾವು’ನಲ್ಲೂ ಗುಡ್ಡ, ಹಾರುವುದು. ಪ್ರಶ್ನೆ ಎತ್ತಿದವರನ್ನು ಸಾಯಿಸಿ ಪ್ರೇಕ್ಷಕರನ್ನು ನೆಮ್ಮದಿಯಾಗಿ ಮನೆಗೆ ಕಳಿಸುವುದು ಜನಪ್ರಿಯ ಚಿತ್ರದ ಹಳೇ ಚಾಳಿ. ಅದಕ್ಕೇ ನಾನು ಎರಡು ಪಟ್ಟಿ ಬೇಕು ಅನ್ನೋದು.

ಓದುಗಿ

‘ಸಂಸ್ಕಾರ’ದಲ್ಲಿ ಚಂದ್ರಿ ಏನಾಗುತ್ತಾಳೆ ಸ್ವಾಮಿ? ನಾರಣಪ್ಪನ ಶವಕ್ಕೆ ರಾತ್ರೋರಾತ್ರಿ ಒಂದು ಗತಿ ಕಾಣಿಸಿ, ಎಲ್ಲರ ಸಮಸ್ಯೆ ಬಗೆಹರಿಸಿ, ಕಥೆಯಿಂದಲೇ ಹೊರಟುಹೋಗುತ್ತಾಳೆ. ಉಳಿದ ಅರ್ಧ ಆಚಾರ್ಯರದು. ಗುಡ್ಡದಿಂದ ಹಾರಿಸುವುದಕ್ಕಿಂತ ಇದು ಮರ್ಯಾದೆಯ ದಾರಿ ಅಷ್ಟೇ.

ರಂಗದಹಿಂದೆ

ವ್ಯಕ್ತಿಗಳ ನಂಟು ಸಾಕು, ಕಥೆಗಳನ್ನೇ ಪಕ್ಕಪಕ್ಕ ಇಟ್ಟು ನೋಡೋಣ. ನಾನು ರಂಗಭೂಮಿಯ ಕಡೆಯವನು, ಅಲ್ಲಿಂದಲೇ ಶುರು ಮಾಡುತ್ತೇನೆ.

‘ಜೋಕುಮಾರಸ್ವಾಮಿ’ಯಲ್ಲಿ ಗೌಡನಿಗೆ ಊರೆಲ್ಲ ಹೊಲ ಬೇಕು, ಆದರೆ ಉಳುವ ಶಕ್ತಿ ಇಲ್ಲ. ಗೌಡತಿಗೆ ಮಗು ಬೇಕು. ಬಸಣ್ಣ ಹೊಲ ಬಿಟ್ಟುಕೊಡಲ್ಲ ಅಂತ ನಿಂತವನು. ಗೌಡತಿಗೆ ಮಗು ಬಸಣ್ಣನಿಂದ ಆಗುತ್ತೆ, ಬಸಣ್ಣನನ್ನು ಗೌಡ ಕೊಲ್ಲಿಸುತ್ತಾನೆ. ಉತ್ತವನದೋ ಹೆಸರಿದ್ದವನದೋ, ನೆಲವೂ ಮಗುವೂ? ಕಂಬಾರರು ಎರಡನ್ನೂ ಒಂದೇ ಪ್ರಶ್ನೆ ಮಾಡಿದರು. ನಾಟಕ 1972ರದ್ದು. ದೇವರಾಜ ಅರಸು ಮುಖ್ಯಮಂತ್ರಿಯಾದದ್ದು ಅದೇ ವರ್ಷ. ಗೇಣಿ ರದ್ದು ಮಾಡಿ ಉಳುವವನಿಗೆ ಹಕ್ಕು ಕೊಡುವ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ.

ಈಗ ಇದನ್ನು ಹಿಡಿದುಕೊಂಡು ‘ಬಂಗಾರದ ಮನುಷ್ಯ’ ನೋಡಿ. ಟಿ.ಕೆ. ರಾಮರಾಯರ ಕಾದಂಬರಿ. ರಾಜೀವ ಅಕ್ಕನ ಮನೆಗೆ ಬರುತ್ತಾನೆ, ಬರಡು ನೆಲ ಉತ್ತು ಬಂಗಾರ ಮಾಡುತ್ತಾನೆ, ಕೊನೆಗೆ ಆಸ್ತಿಯ ಮಾತು ಬಂದಾಗ ಉಟ್ಟ ಬಟ್ಟೆಯಲ್ಲಿ ಹೊರಟುಹೋಗುತ್ತಾನೆ. ಉತ್ತವನಿಗೆ ನೆಲ ಇಲ್ಲ, ಹುಟ್ಟಿದವನಿಗೆ ಇದೆ. ಚಿತ್ರ ಇದನ್ನು ತ್ಯಾಗ ಅಂತ ತೋರಿಸಿತು. ಆದರೆ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಅಂದರೆ ಬರೀ ತ್ಯಾಗಕ್ಕೆ ಅಳೋಕೆ ಜನ ಬರಲಿಲ್ಲ. ಆ ಅನ್ಯಾಯ ಅವರಿಗೆ ತಮ್ಮ ಮನೆಯಿಂದಲೇ ಗೊತ್ತಿತ್ತು.

‘ಭೂತಯ್ಯನ ಮಗ ಅಯ್ಯು’, ಗೊರೂರರ ಕಥೆ. ನಿರ್ದೇಶಕ ‘ಬಂಗಾರದ ಮನುಷ್ಯ’ದ ಸಿದ್ದಲಿಂಗಯ್ಯನವರೇ. ಅಪ್ಪ ಜಮೀನ್ದಾರನಾಗಿ ಮಾಡಿದ್ದು ಮಗನ ತಲೆ ಮೇಲೆ. ‘ವಂಶವೃಕ್ಷ’ದ ಶ್ರೀನಿವಾಸ ಶ್ರೋತ್ರಿಗಳು ವಂಶದ ಹೆಸರಿಗಾಗಿ ಸೊಸೆಯಿಂದ ಮೊಮ್ಮಗನನ್ನು ಕೇಳುತ್ತಾರೆ, ಕೊನೆಗೆ ಆ ವಂಶವೇ ತಮ್ಮದಲ್ಲ ಅಂತ ತಿಳಿಯುತ್ತೆ. ‘ಸಂಸ್ಕಾರ’ದಲ್ಲಿ ಹೆಣ ಯಾರ ಪಾಲು? ‘ಹಯವದನ’ದಲ್ಲಿ ತಲೆ ಒಬ್ಬನದು, ಮೈ ಒಬ್ಬನದು, ಹೆಂಡತಿ ಯಾರವಳು, ಮಗು ಯಾರದು? ಭೈರಪ್ಪನವರ ‘ದಾಟು’ (1973) ಜಾತಿ ಮೀರಿದ ಮದುವೆಯ ಸುತ್ತ. ‘ನಾಗರಹಾವು’ನಲ್ಲಿ ರಾಮಾಚಾರಿಯ ಪ್ರೀತಿ ಎರಡು ಸಲವೂ ಒಡೆಯೋದು ಜಾತಿ, ಧರ್ಮದ ಗೆರೆಯಲ್ಲಿ. ನಮ್ಮ ಪಾಲಿಗೆ ಬಂದದ್ದನ್ನು ಇಟ್ಟುಕೊಳ್ಳಬೇಕಾ, ಬಿಸಾಡಬೇಕಾ? ಆ ನಾಲ್ಕೈದು ವರ್ಷ ಕನ್ನಡದಲ್ಲಿ ಕಾದಂಬರಿ, ನಾಟಕ, ಸಿನಿಮಾ ಎಲ್ಲ ಇದೊಂದನ್ನೇ ಕೇಳುತ್ತಿದ್ದವು. ಉತ್ತರ ಬೇರೆ ಬೇರೆ ಇತ್ತು, ಎರಡನೇಆಟ ಅವರು ಹೇಳೋ ಹಾಗೆ. ಪ್ರಶ್ನೆ ಪತ್ರಿಕೆ ಒಂದೇ.

ಹಳೇಪುಸ್ತಕ

ರಂಗದಹಿಂದೆ ಅವರೇ, ನಾನು ಹೇಳಬೇಕಿದ್ದ ಮಾತು ಇದು. ನಾನು ಬಿಡಾರ ಹುಡುಕುತ್ತಾ ಕೂತೆ, ನೀವು ನೇರ ಹೊಲಕ್ಕೆ ಹೋದಿರಿ.

ಕಪಿಲಾತೀರ

ಹೊಲಕ್ಕೆ ಹೋದಿರಿ, ಸರಿ. ಹೊಲದಲ್ಲಿ ಕೆಲಸ ಮಾಡ್ತಿದ್ದವರು ಕಂಡ್ರಾ?

ಪಾಲು, ಆಸ್ತಿ, ವಂಶ, ಸಂಸ್ಕಾರ. ಇವೆಲ್ಲ ಏನಾದರೂ ಇದ್ದವರ ತಾಪತ್ರಯ. ಬ್ರಾಹ್ಮಣರ ಅಗ್ರಹಾರ ಇಲ್ಲವೇ ಗೌಡರ ಹಟ್ಟಿ. ಇವರ ಹೊರಗೆ ನಿಂತವನಿಗೆ ಬಿಟ್ಟುಕೊಡೋಕೂ ಪಾಲಿಲ್ಲ, ಬಿಸಾಡೋಕೂ ವಂಶದ ಹೆಸರಿಲ್ಲ. 1973ರಲ್ಲಿ ದೇವನೂರ ಮಹಾದೇವ ‘ದ್ಯಾವನೂರು’ ತಂದರು. ತೆಳ್ಳಗಿನ ಪುಸ್ತಕ. ಅದರಲ್ಲಿ ನಮ್ಮ ನಂಜನಗೂಡು ಸೀಮೆಯ ಕೇರಿ ತನ್ನ ಮಾತಲ್ಲೇ ಮಾತಾಡಿತು. ಯಾರ ಕರುಣೆಯನ್ನೂ ಕೇಳಲಿಲ್ಲ. ನಿಮ್ಮ ಎರಡೂ ಪಟ್ಟಿಗೆ, ಒಂದೇ ಮನೆ ಅನ್ನೋ ವಾದಕ್ಕೂ, ಅದು ಹೊರಗಿನದ್ದು.

ಅದೇ 1973ರ ನವೆಂಬರ್ ನೆನಪಿಸಿಕೊಳ್ಳಿ. 1ನೇ ತಾರೀಖು ಮೈಸೂರು ರಾಜ್ಯ ಕರ್ನಾಟಕ ಆಯ್ತು, ಮೆರವಣಿಗೆ, ಹಬ್ಬ. ಅದೇ ತಿಂಗಳು ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಗಲಾಟೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ, ಕೊನೆಗೆ ಅವರ ರಾಜೀನಾಮೆ. ಸಾಹಿತ್ಯಕ್ಕೆ ಅವಮಾನ ಆಯ್ತು ಅಂತ ಬೀದಿಗೆ ಬಂದವರಲ್ಲಿ ಎಷ್ಟು ಜನ ಸಾಹಿತ್ಯ ಓದಿದ್ದರೋ ದೇವರಿಗೇ ಗೊತ್ತು. ದಲಿತ ಸಂಘರ್ಷ ಸಮಿತಿ, ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975), ಮೈಸೂರಿನ ಬರಹಗಾರರ ಒಕ್ಕೂಟ, ಎಲ್ಲದರ ಹಿಂದೆ ಆ ಬೂಸಾ ಗಲಾಟೆ ಇದೆ. ಎಪ್ಪತ್ತರ ಆರಂಭದ ದೊಡ್ಡ ಸಾಂಸ್ಕೃತಿಕ ಘಟನೆ ಯಾವುದು ಅಂದರೆ ನಾನು ಸಿನಿಮಾನೂ ಹೇಳಲ್ಲ, ನಾಟಕಾನೂ ಹೇಳಲ್ಲ. ಆ ಒಂದು ಭಾಷಣ ಅಂತೀನಿ.

ಇನ್ನೊಂದು, ಯಾರೂ ತೇಜಸ್ವಿ ಹೆಸರೆತ್ತಲಿಲ್ಲ. ‘ಅಬಚೂರಿನ ಪೋಸ್ಟಾಫೀಸು’ ಸಂಕಲನವೂ 1973ರದ್ದೇ. ನವ್ಯ ಸಾಹಿತ್ಯದಿಂದ ದೂರ ಹೋಗ್ತೀನಿ ಅಂತ ಮುನ್ನುಡಿಯಲ್ಲೇ ಹೇಳಿ ಹೊರಟವರು ಅವರು. ಅದೇ ಕಥೆಯನ್ನ ಎನ್. ಲಕ್ಷ್ಮೀನಾರಾಯಣ್ ಚಿತ್ರವನ್ನೂ ಮಾಡಿದರು. ನವ್ಯದವರು ಪ್ರಶಸ್ತಿ ತಗೊಳ್ತಿದ್ದಾಗಲೇ ನವ್ಯದ ಒಳಗಿನವರೇ ಹೊರಗೆ ಹೊರಟಿದ್ದರು.

ರಂಗದಹಿಂದೆ

ಕಪಿಲಾತೀರ ಅಣ್ಣಾ, ಬೂಸಾ ಬಗ್ಗೆ ನಿಮ್ಮ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ಒಂದೇ ಒಂದು ಸೇರಿಸುತ್ತೇನೆ. ಲಂಕೇಶರ ‘ಸಂಕ್ರಾಂತಿ’ಯನ್ನು ಆ ಬಯಲಲ್ಲಿ ಆಡಿದ್ದು ಬೂಸಾ ಗಲಾಟೆಗಿಂತ ಮುಂಚೆ. ಬಸವಣ್ಣನ ಕಲ್ಯಾಣ, ಕೇರಿಯ ಹುಡುಗ ರುದ್ರ, ಬ್ರಾಹ್ಮಣರ ಹುಡುಗಿ ಉಷಾ. ಶರಣನಾಗಿ ತನ್ನ ಮಾತು, ತನ್ನ ಊಟ ಬಿಡಬೇಕಾದ ರುದ್ರನ ಸಂಕಟ ಆ ನಾಟಕದಲ್ಲಿದೆ. ಬರೆದವರು ಹೊರಗಿನವರೇ. ಆದರೂ ನಾಟಕ ನೋಡಲು ಕೂತವರಿಗೆ ಆ ಪ್ರಶ್ನೆ ಕೇಳಿಸಿರಬೇಕು.

ಕಪಿಲಾತೀರ

ಕೇಳಿಸಿದ್ದರೆ ಮರುವರ್ಷ ಬಸವಲಿಂಗಪ್ಪನವರಿಗೆ ರಾಜೀನಾಮೆ ಕೊಡೋ ಪರಿಸ್ಥಿತಿ ಬರ್ತಿರಲಿಲ್ಲ. ನಾಟಕಕ್ಕೆ ಚಪ್ಪಾಳೆ ತಟ್ಟೋದು ಸುಲಭ.

ಮಾಳಮಡ್ಡಿ

ಖರೇ ಅದ. ಇನ್ನ ಬೆಂಗಳೂರು ಬಯಲಿಗೆ ಎಷ್ಟು ಮಂದಿ ಹೋಗಿರಬಹುದು? ಹೆಗ್ಗೋಡಿನ್ಯಾಗ ಸುಬ್ಬಣ್ಣನವರು 1973ರಾಗ ನೀನಾಸಂ ಚಿತ್ರಸಮಾಜ ಶುರು ಮಾಡಿದ್ರಲ್ಲ, ಅದು ನಂಗ ದೊಡ್ಡದು ಅನಿಸತದ. ಅಡಿಕಿ ತೋಟದ ಹಳ್ಳಿಯೊಳಗ ಪರದೇಶದ ಸಿನಿಮಾ. ನಿಮ್ಮ ಎರಡು ಪಟ್ಟಿಯ ಜಗಳ ಆ ಹಳ್ಳಿ ಮಂದಿಗೆ ಗೊತ್ತs ಇರಲಿಲ್ಲ. ಒಂದು ವಾರ ಆ ಸಿನಿಮಾ, ಮುಂದಿನ ವಾರ ಸಾಗರಕ್ಕ ಹೋಗಿ ರಾಜಕುಮಾರ.

ಗಾಂಧಿಕ್ಲಾಸ್

ಕೊನೇದಾಗಿ ಒಂದು ಬಾಂಬ್ ಹಾಕಿ ಹೋಗ್ತೀನಿ. ‘ನಾಗರಹಾವು’ಗೆ ಸಂಗೀತ ವಿಜಯಭಾಸ್ಕರ್. ‘ಶರಪಂಜರ’ಕ್ಕೂ ಅವರೇ. ಅದೇ ವಿಜಯಭಾಸ್ಕರ್ ಮುಂದೆ ಅಡೂರ್ ಗೋಪಾಲಕೃಷ್ಣನ್ ಅವರ ‘ಮತಿಲುಕಳ್’ಗೆ ಸಂಗೀತ ಕೊಟ್ಟರು. ತ.ರಾ.ಸು. ಅವರ ಒಂದು ಕಾದಂಬರಿ ಗುಚ್ಛ ‘ನಾಗರಹಾವು’ ಆಯ್ತು, ಇನ್ನೊಂದು ಕಾದಂಬರಿ ಅಯ್ಯರ್ ಕೈಯಲ್ಲಿ ‘ಹಂಸಗೀತೆ’ ಆಯ್ತು. ಈಗ ಎರಡನೇಆಟ ಅವರು ಹೇಳಲಿ, ತ.ರಾ.ಸು. ಯಾವ ಪಟ್ಟಿ?

ಎರಡನೇಆಟ

‘ಹಂಸಗೀತೆ’ 1975. ಎಳೆಯ ಹೆಸರು 74ಕ್ಕೆ ನಿಲ್ಲುತ್ತೆ. ನಾನು ಉತ್ತರ ಕೊಡಬೇಕಾಗಿಲ್ಲ.

ಗಾಂಧಿಕ್ಲಾಸ್

ಬೌಂಡರಿ ಗೆರೆ ಹಿಂದೆ ಹೋಗಿ ನಿಂತ್ಕೊಂಡ್ರಲ್ಲ ಸ್ವಾಮಿ!

ನಿರ್ವಾಹಕ

1975ಕ್ಕೆ ಬೇರೆ ಎಳೆ ತೆರೆದಿದ್ದೇನೆ: ‘ಚೋಮನ ದುಡಿ’, ‘ಹಂಸಗೀತೆ’, ‘ಹೊಲೆಮಾದಿಗರ ಹಾಡು’, ‘ಸಮುದಾಯ’ ಮತ್ತು ಜೂನ್ ತಿಂಗಳ ತುರ್ತುಪರಿಸ್ಥಿತಿ. ತ.ರಾ.ಸು. ಪ್ರಶ್ನೆಗೆ ಎರಡನೇಆಟ ಅವರ ಉತ್ತರವನ್ನು ಅಲ್ಲಿ ಮೊದಲ ಪ್ರತಿಕ್ರಿಯೆಯಾಗಿ ನಿರೀಕ್ಷಿಸಲಾಗಿದೆ. ಕ್ರಿಕೆಟ್ ಬೇಡ.